ಯತೀಮನ ಸೊತ್ತು ಮತ್ತು ಪೋಷಕನ ಹೊಣೆ

ಮನೆಯ ಯಜಮಾನ ತೀರಿಕೊಂಡಾಗ ಬಂಧುಬಳಗದವರೆಲ್ಲ ಬಂದು ಸೇರುತ್ತಾರೆ. ಮಯ್ಯಿತ್ ನಮಾಝ್ ಮುಗಿಯುತ್ತದೆ, ದಫನವಾಗುತ್ತದೆ, ಬಂದವರು ಒಬ್ಬೊಬ್ಬರಾಗಿ ಹಿಂದಿರುಗುತ್ತಾರೆ. ಆಮೇಲೆ ಒಂದು ದಿನ ಅಂಗಡಿಯ ಬೀಗದ ಕೈ, ಬ್ಯಾಂಕಿನ ಪಾಸ್ ಪುಸ್ತಕ, ಜಮೀನಿನ ದಸ್ತಾವೇಜು ಇವೆಲ್ಲವೂ ಯಾರಾದರೊಬ್ಬರ ಕೈಗೆ ಬರುತ್ತವೆ. ಹೆಚ್ಚಾಗಿ ಆತ ಮೃತರ ಅಣ್ಣನೋ ತಮ್ಮನೋ ಆಗಿರುತ್ತಾನೆ. “ಮಕ್ಕಳು ಇನ್ನೂ ಚಿಕ್ಕವರು, ದೊಡ್ಡವರಾಗುವ ತನಕ ನೀನೇ ನೋಡಿಕೋ” ಎಂದು ಮನೆಯ ಹಿರಿಯರು ಹೇಳುತ್ತಾರೆ. ಆತ ಒಪ್ಪಿಕೊಳ್ಳುತ್ತಾನೆ. ಆ ಗಳಿಗೆಯಿಂದ ಆತನ ಹೆಗಲ ಮೇಲೆ ಒಂದು ಅಮಾನತ್ ಬಂದು ಕೂರುತ್ತದೆ. ಅದರ ಭಾರವೆಷ್ಟೆಂಬುದನ್ನು ಆತನಿಗೆ ಹೇಳುವವರು ಮಾತ್ರ ಅಪರೂಪ.

ತಂದೆಯನ್ನು ಕಳಕೊಂಡ, ಪ್ರಾಯಕ್ಕೆ ಬಾರದ ಮಗುವನ್ನು ಶರೀಅತ್ ಯತೀಮ್ ಎಂದು ಕರೆಯುತ್ತದೆ. ತಾಯಿ ಬದುಕಿದ್ದರೂ ಆ ಮಗು ಯತೀಮ್ ಆಗಿರುತ್ತದೆ. ಪ್ರವಾದಿವರ್ಯರು(ಸ) ಸ್ವತಃ ಯತೀಮರಾಗಿ ಬೆಳೆದವರು. ಸೂರಃ ಅದ್ದುಹಾದಲ್ಲಿ ಅಲ್ಲಾಹನು ಅವರಿಗೆ ಅದನ್ನು ನೆನಪಿಸಿ, ಯತೀಮನ ಮೇಲೆ ದಬ್ಬಾಳಿಕೆ ನಡೆಸಬಾರದೆಂದು ಆದೇಶಿಸಿದ್ದಾನೆ. ಯತೀಮನನ್ನು ಸಾಕಿ ಸಲಹುವವನು ಸ್ವರ್ಗದಲ್ಲಿ ತಮಗೆ ಎಷ್ಟು ಸಮೀಪವಿರುವನೆಂಬುದನ್ನು ಪ್ರವಾದಿವರ್ಯರು(ಸ) ಎರಡು ಬೆರಳುಗಳನ್ನು ಎತ್ತಿ ತೋರಿಸಿ ತಿಳಿಸಿದ್ದಾರೆ. ಈ ಹದೀಸ್ ನಮ್ಮ ಮನೆಗಳಲ್ಲಿ ಎಲ್ಲರಿಗೂ ಪರಿಚಿತ. ಆದರೆ ಬುಖಾರಿ ಮತ್ತು ಮುಸ್ಲಿಮ್ ಗ್ರಂಥಗಳಲ್ಲಿ ವರದಿಯಾಗಿರುವ ಇನ್ನೊಂದು ಹದೀಸನ್ನು ನಾವು ಅಷ್ಟಾಗಿ ನೆನೆಯುವುದಿಲ್ಲ. ಮನುಷ್ಯನನ್ನು ನಾಶಪಡಿಸುವ ಏಳು ಮಹಾಪಾಪಗಳನ್ನು ಅದರಲ್ಲಿ ಎಣಿಸಲಾಗಿದೆ. ಶಿರ್ಕ್, ಕೊಲೆ, ಬಡ್ಡಿ ಇವುಗಳ ಸಾಲಿನಲ್ಲೇ ಯತೀಮನ ಸೊತ್ತನ್ನು ತಿನ್ನುವುದೂ ಸೇರಿದೆ.

ಇಲ್ಲೊಂದು ಪ್ರಶ್ನೆ ಏಳುತ್ತದೆ. ಅಣ್ಣನ ಮಕ್ಕಳ ಸೊತ್ತನ್ನು ನುಂಗಬೇಕೆಂದು ಹೊರಟ ದುಷ್ಟರು ನಮ್ಮಲ್ಲಿ ಎಷ್ಟು ಮಂದಿ ಇದ್ದಾರೆ? ಬಹಳ ಮಂದಿ ಇರಲಾರರು. ಆದರೂ ಯತೀಮರ ಸೊತ್ತು ಕರಗಿ ಹೋಗುತ್ತಲೇ ಇದೆ. ಏಕೆಂದರೆ ಅದು ಹೆಚ್ಚಾಗಿ ಕರಗುವುದು ಕಳ್ಳತನದಿಂದಲ್ಲ, ಲೆಕ್ಕವಿಲ್ಲದಿರುವುದರಿಂದ. “ನಾವೆಲ್ಲ ಒಂದೇ ಮನೆಯವರಲ್ಲವೇ, ನಮ್ಮೊಳಗೆ ಎಂಥ ಲೆಕ್ಕ?” ಎಂಬ ಮಾತಿನಿಂದಲೇ ಯತೀಮನ ನಷ್ಟ ಆರಂಭವಾಗುತ್ತದೆ. ಆದುದರಿಂದ ಪೋಷಕನ ಕರ್ತವ್ಯಗಳೇನೆಂಬುದನ್ನು ಶರೀಅತ್ ಮತ್ತು ನಮ್ಮ ದೇಶದ ಕಾನೂನು ಎರಡರ ಬೆಳಕಿನಲ್ಲೂ ನಾವು ಸ್ವಲ್ಪ ವಿವರವಾಗಿ ತಿಳಿಯೋಣ.

ಮೊದಲು ಪಾಲು ಗೊತ್ತಾಗಲಿ

ಒಬ್ಬನು ಮರಣ ಹೊಂದಿದ ಕ್ಷಣದಲ್ಲೇ ಆತನ ಸೊತ್ತಿನಲ್ಲಿ ವಾರೀಸುದಾರರ ಹಕ್ಕು ಸ್ಥಾಪಿತವಾಗುತ್ತದೆ. ದಫನದ ಖರ್ಚು, ಮೃತನ ಸಾಲ, ಮೂರನೆಯ ಒಂದಂಶವನ್ನು ಮೀರದ ವಸಿಯ್ಯತ್ ಇವುಗಳನ್ನು ತೀರಿಸಿದ ಬಳಿಕ ಉಳಿದದ್ದೆಲ್ಲವೂ ವಾರೀಸುದಾರರದ್ದು. ಹೆಂಡತಿಗೆ ಕೊಡದೆ ಉಳಿದ ಮಹ್ರ್ ಕೂಡಾ ಸಾಲವೇ. ಅದನ್ನು ಪಾಲಿಗೆ ಮುಂಚೆಯೇ ಕೊಡಬೇಕು.

ಒಂದು ಉದಾಹರಣೆ ನೋಡೋಣ. ಒಬ್ಬನು ಪತ್ನಿ, ಇಬ್ಬರು ಗಂಡುಮಕ್ಕಳು ಮತ್ತು ಒಬ್ಬ ಹೆಣ್ಣುಮಗಳನ್ನು ಬಿಟ್ಟು ತೀರಿಕೊಂಡನೆನ್ನೋಣ. ಆತನ ತಂದೆ, ತಾಯಿ, ಅಜ್ಜ, ಅಜ್ಜಿ ಯಾರೂ ಬದುಕಿಲ್ಲ. ಸಾಲ ತೀರಿಸಿ ಉಳಿದ ಸೊತ್ತಿನ ಬೆಲೆ 8 ಲಕ್ಷ ರೂಪಾಯಿ. ಮಕ್ಕಳಿರುವುದರಿಂದ ಪತ್ನಿಗೆ ಎಂಟನೆಯ ಒಂದಂಶ, ಅಂದರೆ 1 ಲಕ್ಷ. ಉಳಿದ 7 ಲಕ್ಷದಲ್ಲಿ ಗಂಡುಮಕ್ಕಳಿಗೆ ತಲಾ 2 ಲಕ್ಷ 80 ಸಾವಿರ, ಹೆಣ್ಣುಮಗಳಿಗೆ 1 ಲಕ್ಷ 40 ಸಾವಿರ. ಮಕ್ಕಳು ಮೂವರೂ ಚಿಕ್ಕವರಾಗಿದ್ದರೆ 8 ಲಕ್ಷದಲ್ಲಿ 7 ಲಕ್ಷ ಯತೀಮರ ಸೊತ್ತು! ಗಂಡುಮಕ್ಕಳಿರುವಾಗ ಮೃತನ ಸಹೋದರನಿಗೆ ಅದರಲ್ಲಿ ಒಂದು ಪೈಸೆಯೂ ಇಲ್ಲ. ಆತನ ಕೈಯಲ್ಲಿರುವುದು ಬೀಗದ ಕೈ ಮಾತ್ರ.

ಈ ಲೆಕ್ಕ ಮೊದಲೇ ಸ್ಪಷ್ಟವಾಗಿದ್ದರೆ ಹಲವು ತಪ್ಪುಗಳು ತಾವಾಗಿಯೇ ನಿಲ್ಲುತ್ತವೆ. ಮರಣಾನಂತರ ಮೂರನೆಯ ದಿನ, ನಲವತ್ತನೆಯ ದಿನ ಎಂದು ಮೃತನ ಹಣದಿಂದಲೇ ದೊಡ್ಡ ಊಟ ಹಾಕಿಸುವ ಪದ್ಧತಿಯನ್ನು ನೋಡಿರಿ. ಆ ಊಟದ ಕುರಿತು ಯಾರ ಅಭಿಪ್ರಾಯ ಏನೇ ಇರಲಿ, ಪಾಲಾಗದ ಸೊತ್ತಿನಿಂದ ಅದನ್ನು ಮಾಡಿದರೆ ನಾವು ಉಣ್ಣುವುದು ಯತೀಮನ ಅನ್ನವನ್ನು. ದೊಡ್ಡವರು ತಮ್ಮ ಪಾಲಿನಿಂದ ಖರ್ಚು ಮಾಡಬಹುದು. ಮಗು ಒಪ್ಪಿತೆಂದು ಯಾರೂ ಹೇಳುವಂತಿಲ್ಲ, ಏಕೆಂದರೆ ಮಗುವಿನ ಒಪ್ಪಿಗೆಗೆ ಶರೀಅತ್‌ನಲ್ಲೂ ಕಾನೂನಿನಲ್ಲೂ ಬೆಲೆಯಿಲ್ಲ.

ಇನ್ನೊಂದು ತಪ್ಪು ತಿಳಿವಳಿಕೆ ಬ್ಯಾಂಕ್ ಖಾತೆಯ ನಾಮಿನಿಯ ಬಗ್ಗೆ ಇದೆ. ನಾಮಿನಿಯಾಗಿ ಹೆಸರಿರುವವನು ಹಣದ ಒಡೆಯನಲ್ಲ. ಬ್ಯಾಂಕಿನಿಂದ ಹಣವನ್ನು ಪಡೆದು ವಾರೀಸುದಾರರಿಗೆ ತಲುಪಿಸಬೇಕಾದವನು ಆತ. ನಮ್ಮ ಸುಪ್ರೀಂ ಕೋರ್ಟ್ 2010ರಲ್ಲಿ ಇದನ್ನು ಸ್ಪಷ್ಟಪಡಿಸಿದೆ.

ಪೋಷಕ ಯಾರು?

ಮಗುವನ್ನು ಸಾಕುವುದು ಬೇರೆ, ಮಗುವಿನ ಸೊತ್ತಿನ ಮೇಲೆ ಅಧಿಕಾರ ಹೊಂದಿರುವುದು ಬೇರೆ. ಈ ವ್ಯತ್ಯಾಸ ತಿಳಿಯದೆ ಅನೇಕ ಕುಟುಂಬಗಳು ತೊಂದರೆಗೊಳಗಾಗಿವೆ. ಹನಫೀ ಮದ್‌ಹಬ್‌ನಂತೆ ಮಗುವಿನ ಸೊತ್ತಿನ ಪೋಷಕ ಮೊದಲು ತಂದೆ, ಬಳಿಕ ತಂದೆ ವಸಿಯ್ಯತ್ ಮೂಲಕ ನೇಮಿಸಿದ ವಸೀ, ಬಳಿಕ ತಂದೆಯ ತಂದೆ, ಬಳಿಕ ಅವರು ನೇಮಿಸಿದ ವಸೀ, ಇವರಾರೂ ಇಲ್ಲದಿದ್ದರೆ ಕಾಝಿ. ಶಾಫಿಈ ಮದ್‌ಹಬ್‌ನಲ್ಲಿ ತಂದೆಯ ನಂತರದ ಸ್ಥಾನ ಅಜ್ಜನಿಗೆ, ವಸೀಗೆ ಅದರ ನಂತರ. ನಮ್ಮ ದೇಶದ ನ್ಯಾಯಾಲಯಗಳು ಮುಸ್ಲಿಮರ ವಿಷಯದಲ್ಲಿ ತಂದೆ, ತಂದೆಯ ವಸೀ, ತಂದೆಯ ತಂದೆ, ಅವರ ವಸೀ ಎಂಬ ಈ ನಾಲ್ವರನ್ನು ಸೊತ್ತಿನ ಕಾನೂನುಬದ್ಧ ಪೋಷಕರೆಂದು ಪರಿಗಣಿಸುತ್ತಾ ಬಂದಿವೆ. ಕಾಝಿಯ ಸ್ಥಾನದಲ್ಲಿ ಇಲ್ಲಿ ಜಿಲ್ಲಾ ನ್ಯಾಯಾಲಯವಿದೆ. 1890ರ ಗಾರ್ಡಿಯನ್ಸ್ ಆ್ಯಂಡ್ ವಾರ್ಡ್ಸ್ ಕಾಯಿದೆಯ ಪ್ರಕಾರ ಅದು ಪೋಷಕನನ್ನು ನೇಮಿಸುತ್ತದೆ.

ಈ ಪಟ್ಟಿಯಲ್ಲಿ ಚಿಕ್ಕಪ್ಪ, ದೊಡ್ಡಪ್ಪ, ಸೋದರಮಾವ, ಹಿರಿಯಣ್ಣ ಯಾರೂ ಇಲ್ಲ. ತಾಯಿಯೂ ಇಲ್ಲ. ಇದನ್ನು ಕೇಳಿ ಸಹೋದರಿಯರಿಗೆ ಬೇಸರವಾಗಬಹುದು. ಆದರೆ ತಾಯಿಗೆ ದಾರಿ ಮುಚ್ಚಿಲ್ಲ. ತಂದೆಯು ತನ್ನ ವಸಿಯ್ಯತ್‌ನಲ್ಲಿ ಆಕೆಯನ್ನೇ ವಸೀ ಆಗಿ ನೇಮಿಸಬಹುದು. ಅಂಥ ವಸಿಯ್ಯತ್ ಇಲ್ಲದಿದ್ದರೆ ಆಕೆ ಜಿಲ್ಲಾ ನ್ಯಾಯಾಲಯಕ್ಕೆ ಅರ್ಜಿ ಸಲ್ಲಿಸಿ ಪೋಷಕಿಯಾಗಿ ನೇಮಕ ಪಡೆಯಬಹುದು. ನ್ಯಾಯಾಲಯವು ಮಗುವಿನ ಹಿತವನ್ನು ನೋಡಿ ತೀರ್ಮಾನಿಸುತ್ತದೆ. ಆದುದರಿಂದ ಚಿಕ್ಕ ಮಕ್ಕಳಿರುವ ಪ್ರತಿಯೊಬ್ಬ ತಂದೆಯೂ ತಾನು ಯಾರನ್ನು ನಂಬುತ್ತೇನೆಂಬುದನ್ನು ಇಂದೇ ಬರೆದಿಟ್ಟು, ಇಬ್ಬರು ಸಾಕ್ಷಿಗಳ ಸಹಿ ಮಾಡಿಸಿಡುವುದು ಜಾಣತನ. ಮಕ್ಕಳ ಅಜ್ಜ ಬದುಕಿದ್ದರೆ, ತಾವು ಅನುಸರಿಸುವ ಮದ್‌ಹಬ್‌ನ ಆಲಿಮರೊಬ್ಬರಲ್ಲಿ ಕೇಳಿಕೊಂಡು ಬರೆಯಲಿ.

ಪಟ್ಟಿ ಮಾಡಿರಿ, ಬೇರೆ ಇಡಿರಿ

ಪೋಷಕನ ಪ್ರಥಮ ಕರ್ತವ್ಯ ಬರವಣಿಗೆ. ಅಂಗಡಿಯಲ್ಲಿ ಎಷ್ಟು ಸರಕಿದೆ, ಯಾರಿಂದ ಎಷ್ಟು ಬಾಕಿ ಬರಬೇಕು, ಯಾರಿಗೆ ಎಷ್ಟು ಕೊಡಬೇಕು, ಚಿನ್ನ ಎಷ್ಟು ಪವನ್, ತೋಟ ಎಷ್ಟು ಸೆಂಟ್ಸ್, ಬಾಡಿಗೆ ಎಷ್ಟು ಇವನ್ನೆಲ್ಲ ಮೊದಲ ದಿನವೇ ಬರೆದು, ಮಕ್ಕಳ ತಾಯಿ ಮತ್ತು ಕುಟುಂಬದ ಇಬ್ಬರ ಮುಂದೆ ಓದಿ ಸಹಿ ಮಾಡಿಸಬೇಕು. ಸಾಲದ ವ್ಯವಹಾರವನ್ನು ಬರೆದಿಡಬೇಕೆಂದು ಆದೇಶಿಸುವ ಸೂರಃ ಅಲ್ ಬಕರದ 282ನೇ ವಚನವು, ಸಾಲದ ಹೊಣೆ ಹೊತ್ತವನು ದುರ್ಬಲನಾಗಿದ್ದರೆ ಅಥವಾ ಹೇಳಿ ಬರೆಸಲು ಅಸಮರ್ಥನಾಗಿದ್ದರೆ ಆತನ ವಲಿಯು ನ್ಯಾಯೋಚಿತವಾಗಿ ಬರೆಸಬೇಕೆಂದು ಹೇಳುತ್ತದೆ. ದೇಶದ ಕಾನೂನಿನಲ್ಲೂ ಇದೇ ಚಿಂತನೆಯಿದೆ. ನ್ಯಾಯಾಲಯವು ನೇಮಿಸಿದ ಪೋಷಕನು, ನ್ಯಾಯಾಲಯ ಕೇಳಿದರೆ, ಆರು ತಿಂಗಳೊಳಗೆ ಸ್ಥಿರ ಮತ್ತು ಚರ ಸೊತ್ತುಗಳ, ಸಾಲಗಳ ಪಟ್ಟಿಯನ್ನು ಒಪ್ಪಿಸಬೇಕು ಮತ್ತು ಲೆಕ್ಕವನ್ನು ಹಾಜರುಪಡಿಸಬೇಕು.

ಜಮೀನಿದ್ದರೆ ಪೌತಿ ಖಾತೆ ಮಾಡಿಸುವಾಗ ಎಲ್ಲ ಮಕ್ಕಳ ಹೆಸರನ್ನೂ ಸೇರಿಸಬೇಕು. “ಮಕ್ಕಳ ಹೆಸರು ಹಾಕಿದರೆ ಮುಂದೆ ಮಾರಲು ಕಷ್ಟ” ಎಂದು ಸಲಹೆ ಕೊಡುವವರಿರುತ್ತಾರೆ. ಆ ಕಷ್ಟವೇ ಮಗುವಿಗಿರುವ ರಕ್ಷಣೆ ಎಂಬುದನ್ನು ಮರೆಯದಿರಿ.

ಹಾಗಾದರೆ ಒಂದೇ ಮನೆಯಲ್ಲಿ ಎರಡು ಒಲೆ ಹಚ್ಚಬೇಕೇ? ಈ ಪ್ರಶ್ನೆ ಸಹಾಬಿಗಳ ಕಾಲದಲ್ಲೇ ಎದ್ದಿತ್ತು. ಯತೀಮರ ಸೊತ್ತನ್ನು ಅನ್ಯಾಯವಾಗಿ ತಿನ್ನುವವರು ತಮ್ಮ ಹೊಟ್ಟೆಗೆ ಬೆಂಕಿಯನ್ನೇ ತುಂಬಿಕೊಳ್ಳುತ್ತಿದ್ದಾರೆಂಬ ಎಚ್ಚರಿಕೆ (ಅನ್ನಿಸಾ: 10) ಬಂದಾಗ, ಯತೀಮರಿದ್ದ ಮನೆಯವರು ಭಯಪಟ್ಟು ಅವರ ಅನ್ನಪಾನೀಯಗಳನ್ನೇ ಬೇರ್ಪಡಿಸಿದರು. ಮಗು ಉಂಡು ಉಳಿದದ್ದನ್ನು ಯಾರೂ ಮುಟ್ಟದೆ ಅದು ಹಳಸಿ ಹೋಗುತ್ತಿತ್ತು. ಇದು ಅವರಿಗೆ ಬಹಳ ಕಷ್ಟವೆನಿಸಿ ಪ್ರವಾದಿವರ್ಯರಲ್ಲಿ(ಸ) ವಿಚಾರಿಸಿದರು. ಆಗ ಸೂರಃ ಅಲ್ ಬಕರದ 220ನೇ ವಚನ ಅವತೀರ್ಣವಾಯಿತೆಂದು ಹ. ಇಬ್ನು ಅಬ್ಬಾಸ್(ರ) ವರದಿ ಮಾಡಿದ್ದಾರೆ. ಯತೀಮರ ಹಿತ ಸಾಧಿಸುವುದೇ ಉತ್ತಮ. ಅವರ ಜೊತೆ ಬೆರೆತು ಬಾಳಿದರೆ ಅವರು ನಿಮ್ಮ ಸಹೋದರರು. ಕೆಡಿಸುವವನಾರು, ಹಿತ ಬಯಸುವವನಾರು ಎಂಬುದನ್ನು ಅಲ್ಲಾಹನು ಬಲ್ಲನು ಎಂಬುದು ಅದರ ಸಾರಾಂಶ.

ಎಷ್ಟು ಮೃದುವಾದ, ಅಷ್ಟೇ ಎಚ್ಚರಿಸುವ ಮಾತು! ಒಂದೇ ಪಾತ್ರೆಯಲ್ಲಿ ಬೇಯಿಸಿ ಒಟ್ಟಿಗೆ ಕುಳಿತು ಉಣ್ಣಲು ಅನುಮತಿ ಸಿಕ್ಕಿತು. ಆದರೆ ಆ ಒಟ್ಟಾದ ಅಡುಗೆಯ ಖರ್ಚಿನಲ್ಲಿ ಮಗುವಿನ ಪಾಲು ನ್ಯಾಯವಾಗಿದೆಯೇ ಎಂದು ನೋಡುವವನು ಅಲ್ಲಾಹನು. ಮನೆಯಲ್ಲಿ ಎಂಟು ಜನರಿದ್ದು ಅವರಲ್ಲಿ ಮೂವರು ಯತೀಮರಾದರೆ, ಇಡೀ ಮನೆಯ ದಿನಸಿ ಸಾಮಾನು ಯತೀಮರ ಅಂಗಡಿಯಿಂದಲೇ ಬರುವುದು ಬೆರೆತು ಬಾಳುವುದಲ್ಲ, ತಿನ್ನುವುದು.

ಖರ್ಚು, ವ್ಯಾಪಾರ, ಝಕಾತ್

ಸೊತ್ತನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದರೆ ಪೋಷಕನ ಕೆಲಸ ಮುಗಿಯಿತೆಂದಲ್ಲ. ಮಗುವಿನ ಊಟ, ಬಟ್ಟೆ, ಶಾಲೆ, ಔಷಧ ಇವುಗಳಿಗೆ ಜಿಪುಣತನವಿಲ್ಲದೆ ಖರ್ಚು ಮಾಡಬೇಕು. ಸೊತ್ತು ನಿರ್ವಹಿಸುವ ಬುದ್ಧಿ ಇನ್ನೂ ಬಾರದವರ ಕೈಗೆ ಸಂಪತ್ತನ್ನು ಒಪ್ಪಿಸದೆ, ಅದರಿಂದ ಅವರಿಗೆ ಉಣಿಸಿ ಉಡಿಸಿ, ಅವರೊಡನೆ ಒಳ್ಳೆಯ ಮಾತನ್ನಾಡಬೇಕೆಂದು ಸೂರಃ ಅನ್ನಿಸಾದ 5ನೇ ವಚನ ಆದೇಶಿಸುತ್ತದೆ. ಒಳ್ಳೆಯ ಮಾತೂ ಒಂದು ಕರ್ತವ್ಯ! ಒಂದು ಜೊತೆ ಚಪ್ಪಲಿಗಾಗಿ ಮಗು ಚಿಕ್ಕಪ್ಪನ ಮುಂದೆ ನಾಲ್ಕು ಸಲ ಬೇಡಿಕೊಂಡು, ಕೊನೆಗೆ ಗದರಿಸಿಕೊಂಡು ಪಡೆಯುವಂತಾಗಬಾರದು. ಆ ಚಪ್ಪಲಿಯ ಹಣ ಮಗುವಿನದ್ದೇ.

ಸೊತ್ತು ಬೆಳೆಯುವಂತೆಯೂ ನೋಡಿಕೊಳ್ಳಬೇಕು. ಯತೀಮರ ಸೊತ್ತನ್ನು ಝಕಾತ್ ತಿಂದು ಮುಗಿಸದಂತೆ ಅದನ್ನು ವ್ಯಾಪಾರದಲ್ಲಿ ತೊಡಗಿಸಿರೆಂದು ಹ. ಉಮರ್(ರ) ಹೇಳಿದ್ದನ್ನು ಇಮಾಮ್ ಮಾಲಿಕರು ಮುವತ್ತಾದಲ್ಲಿ ದಾಖಲಿಸಿದ್ದಾರೆ. ಹ. ಆಯಿಶಾ(ರ) ತಮ್ಮ ಆಶ್ರಯದಲ್ಲಿದ್ದ ಯತೀಮರ ಹಣವನ್ನು ವ್ಯಾಪಾರಕ್ಕೆ ಕೊಡುತ್ತಿದ್ದರು. ಅವರ ಸಹೋದರನ ಮಗ ಕಾಸಿಮ್ ಹಾಗೆ ಬೆಳೆದವರಲ್ಲೊಬ್ಬರು. ತಮ್ಮ ಸೊತ್ತಿನಿಂದ ಆಯಿಶಾ(ರ) ಝಕಾತ್ ಕೊಡುತ್ತಿದ್ದರೆಂದು ಅವರೇ ತಿಳಿಸಿದ್ದಾರೆ.

ಆದರೆ ವ್ಯಾಪಾರವೆಂದರೆ ಜೂಜಲ್ಲ. ಒಬ್ಬ ಸಾಮಾನ್ಯ ವಿವೇಕಿಯು ತನ್ನ ಸ್ವಂತ ಸೊತ್ತನ್ನು ಎಷ್ಟು ಎಚ್ಚರದಿಂದ ನೋಡಿಕೊಳ್ಳುವನೋ ಅಷ್ಟೇ ಎಚ್ಚರದಿಂದ ಪೋಷಕನು ನೋಡಿಕೊಳ್ಳಬೇಕೆಂದು 1890ರ ಕಾಯಿದೆಯ 27ನೇ ಸೆಕ್ಷನ್ ಹೇಳುತ್ತದೆ. ಕುರ್‌ಆನ್ ಇದಕ್ಕಿಂತಲೂ ಒಂದು ಹೆಜ್ಜೆ ಮುಂದಿದೆ. ಅತ್ಯುತ್ತಮ ರೀತಿಯಿಂದಲ್ಲದೆ ಯತೀಮನ ಸೊತ್ತಿನ ಹತ್ತಿರ ಕೂಡಾ ಹೋಗಬೇಡಿರೆಂದು ಅದು ಎರಡು ಕಡೆ (ಅಲ್ ಅನ್‌ಆಮ್: 152, ಬನೀ ಇಸ್ರಾಈಲ್: 34) ಆಜ್ಞಾಪಿಸಿದೆ.

ಝಕಾತ್‌ನ ವಿಷಯದಲ್ಲಿ ಇಮಾಮರ ನಡುವೆ ಭಿನ್ನಾಭಿಪ್ರಾಯವಿದೆ. ಶಾಫಿಈ, ಮಾಲಿಕೀ, ಹಂಬಲೀ ಮದ್‌ಹಬ್‌ಗಳಲ್ಲಿ ಚಿಕ್ಕ ಮಕ್ಕಳ ಸೊತ್ತಿನಲ್ಲೂ ಝಕಾತ್ ಕಡ್ಡಾಯ, ಪೋಷಕನು ಅದನ್ನು ಕೊಡಬೇಕು. ಹನಫೀ ಮದ್‌ಹಬ್‌ನಲ್ಲಿ ಮಗುವಿನ ಹಣ, ಚಿನ್ನಗಳ ಮೇಲೆ ಝಕಾತ್ ಇಲ್ಲ, ಆದರೆ ಬೆಳೆಯ ಉಶ್ರ್ ಇದೆ. ನಮ್ಮ ಕರಾವಳಿಯಲ್ಲಿ ಶಾಫಿಈಗಳು ಹೆಚ್ಚು, ಒಳನಾಡಿನಲ್ಲಿ ಹನಫೀಗಳು ಹೆಚ್ಚು. ಪ್ರತಿಯೊಬ್ಬರೂ ತಮ್ಮ ಮದ್‌ಹಬ್‌ನಂತೆ ನಡೆದು, ಕೊಟ್ಟದ್ದನ್ನು ಲೆಕ್ಕದಲ್ಲಿ ಬರೆಯಲಿ.

ಪೋಷಕನಿಗೆ ಪ್ರತಿಫಲ ಇದೆಯೇ?

ಅಂಗಡಿಯಲ್ಲಿ ಬೆಳಗ್ಗಿನಿಂದ ರಾತ್ರಿಯ ತನಕ ದುಡಿಯುವ ಚಿಕ್ಕಪ್ಪನಿಗೆ ಏನೂ ಇಲ್ಲವೇ? ಈ ಪ್ರಶ್ನೆ ನ್ಯಾಯವಾದದ್ದೇ. ಸೂರಃ ಅನ್ನಿಸಾದ 6ನೇ ವಚನ ಇದಕ್ಕೆ ಉತ್ತರ ಕೊಟ್ಟಿದೆ. ಸ್ಥಿತಿವಂತನಾದ ಪೋಷಕನು ಏನನ್ನೂ ಮುಟ್ಟದಿರಲಿ; ಬಡವನು ವಾಡಿಕೆಯಂತೆ ನ್ಯಾಯವಾದಷ್ಟನ್ನು ಉಣ್ಣಲಿ. ತನ್ನ ಬಳಿ ಏನೂ ಇಲ್ಲ, ಒಬ್ಬ ಯತೀಮನ ಹೊಣೆಯಿದೆ ಎಂದು ಒಬ್ಬರು ಪ್ರವಾದಿವರ್ಯರಲ್ಲಿ(ಸ) ಹೇಳಿಕೊಂಡಾಗ, ದುಂದು ಮಾಡದೆ, ತನಗಾಗಿ ಕೂಡಿಡದೆ ಅದರಿಂದ ಉಣ್ಣಬಹುದೆಂದು ಅವರು ಅನುಮತಿಯಿತ್ತರು. ಇದು ಆತನ ದುಡಿಮೆಯ ಕೂಲಿಯೆಂದು ಕೆಲವು ವಿದ್ವಾಂಸರೂ, ಮುಂದೆ ಅನುಕೂಲವಾದಾಗ ಹಿಂದಿರುಗಿಸಬೇಕಾದ ಸಾಲವೆಂದು ಇನ್ನು ಕೆಲವರೂ ಹೇಳಿದ್ದಾರೆ.

ಹ. ಉಮರ್(ರ) ಖಲೀಫರಾಗಿದ್ದಾಗ ಸಾರ್ವಜನಿಕ ಖಜಾನೆಯ ಮುಂದೆ ತಮ್ಮ ಸ್ಥಾನವನ್ನು ಯತೀಮನ ಪೋಷಕನಿಗೆ ಹೋಲಿಸಿದ್ದರು. ಅಗತ್ಯವಿಲ್ಲದಾಗ ಮುಟ್ಟುವುದಿಲ್ಲ, ಅಗತ್ಯ ಬಿದ್ದಾಗ ನ್ಯಾಯವಾದಷ್ಟು ಪಡೆಯುತ್ತೇನೆ, ಅನುಕೂಲವಾದಾಗ ತೀರಿಸುತ್ತೇನೆ ಎಂಬುದು ಅವರ ನಿಲುವಾಗಿತ್ತು. ದೊಡ್ಡ ಸಾಮ್ರಾಜ್ಯದ ಖಲೀಫರು ತಮಗೆ ಮಾದರಿಯನ್ನಾಗಿ ಆರಿಸಿಕೊಂಡದ್ದು ಯತೀಮನ ಪೋಷಕನನ್ನು! ದೇಶದ ಕಾನೂನಿನಂತೆಯೂ ಪೋಷಕನು ತನ್ನ ಸ್ಥಾನದಿಂದ ಲಾಭ ಮಾಡಿಕೊಳ್ಳುವಂತಿಲ್ಲ. ನ್ಯಾಯಾಲಯ ನೇಮಿಸಿದ ಪೋಷಕನಿಗೆ ನ್ಯಾಯಾಲಯವೇ ಸೂಕ್ತ ಭತ್ಯೆಯನ್ನು ಗೊತ್ತುಪಡಿಸಬಹುದು. ಆದುದರಿಂದ ಅಂಗಡಿ ನೋಡಿಕೊಳ್ಳುವವನು ಪ್ರತಿಫಲ ಪಡೆಯಬೇಕಾದ ಸ್ಥಿತಿಯಲ್ಲಿದ್ದರೆ, ತಿಂಗಳಿಗೆ ಇಷ್ಟೆಂದು ಹಿರಿಯರ ಮುಂದೆ ಮೊದಲೇ ನಿಶ್ಚಯಿಸಿ ಬರೆದಿಡಲಿ. ಗಲ್ಲಾಪೆಟ್ಟಿಗೆಗೆ ಬೇಕಾದಾಗ ಕೈ ಹಾಕುವುದು ಪ್ರತಿಫಲವಲ್ಲ.

ಪೋಷಕನು ಮಾಡಬಾರದ್ದು

ಮೊದಲನೆಯದಾಗಿ, ಯತೀಮನ ಸೊತ್ತನ್ನು ದಾನ ಮಾಡುವಂತಿಲ್ಲ. ಮಸೀದಿಗೂ ಇಲ್ಲ, ಮದ್ರಸಕ್ಕೂ ಇಲ್ಲ, ಮೃತನ ಹೆಸರಿನಲ್ಲಿ ಬಾವಿ ತೋಡಿಸುವುದಕ್ಕೂ ಇಲ್ಲ. ದಾನ ಕೊಡುವವನು ತನ್ನದನ್ನು ಕೊಡಬೇಕು. ಮದೀನದ ಮಸೀದಿ ಕಟ್ಟಿದ ಸ್ಥಳದ ಚರಿತ್ರೆ ಇಲ್ಲಿ ನಮಗೆ ಪಾಠವಾಗಿದೆ. ಅದು ಖರ್ಜೂರ ಒಣಗಿಸುವ ಸ್ಥಳವಾಗಿತ್ತು. ಅದರ ಒಡೆಯರು ಸಹ್ಲ್ ಮತ್ತು ಸುಹೈಲ್ ಎಂಬ ಇಬ್ಬರು ಯತೀಮ್ ಬಾಲಕರು, ಅಸ್‌ಅದ್ ಬಿನ್ ಝುರಾರಃ(ರ) ಅವರ ಆಶ್ರಯದಲ್ಲಿದ್ದವರು. ಪ್ರವಾದಿವರ್ಯರು(ಸ) ಬೆಲೆ ಕೇಳಿದಾಗ ಬಾಲಕರು ಅದನ್ನು ಉಡುಗೊರೆಯಾಗಿಯೇ ಕೊಡುತ್ತೇವೆಂದರು. ಪ್ರವಾದಿವರ್ಯರು(ಸ) ಉಡುಗೊರೆಯಾಗಿ ಸ್ವೀಕರಿಸಲು ಒಪ್ಪದೆ, ಬೆಲೆ ಕೊಟ್ಟೇ ಖರೀದಿಸಿದರೆಂದು ಬುಖಾರಿಯಲ್ಲಿದೆ. ಯಾಚಿಸಿದವರು ಅಲ್ಲಾಹನ ಸಂದೇಶವಾಹಕರು, ಉದ್ದೇಶ ಅಲ್ಲಾಹನ ಭವನ, ಕೊಡುವವರಿಗೂ ಸಂತೋಷ. ಆದರೂ ಯತೀಮರ ಸ್ಥಳ ಉಚಿತವಾಗಿ ಬರಲಿಲ್ಲ. ಹೀಗಿರುವಾಗ ನಮ್ಮ ಯಾವ ಉದ್ದೇಶ ಇದಕ್ಕಿಂತ ದೊಡ್ಡದು?

ಎರಡನೆಯದಾಗಿ, ಒಳ್ಳೆಯದನ್ನು ತೆಗೆದು ಕೆಟ್ಟದ್ದನ್ನು ಇಡುವಂತಿಲ್ಲ. ಸೂರಃ ಅನ್ನಿಸಾದ 2ನೇ ವಚನವೇ ಇದನ್ನು ನಿಷೇಧಿಸಿದೆ. ರಸ್ತೆ ಬದಿಯ ಜಾಗ ತನಗೆ, ಹಿಂದಿನ ತಗ್ಗು ಜಾಗ ಅಣ್ಣನ ಮಕ್ಕಳಿಗೆ ಎಂದು ಪಾಲು ಮಾಡುವುದು ಇದರಲ್ಲಿ ಸೇರುತ್ತದೆ. ಪೋಷಕನು ಯತೀಮನ ಸೊತ್ತನ್ನು ತಾನೇ ಖರೀದಿಸುವುದನ್ನು ಶಾಫಿಈ ಮದ್‌ಹಬ್ ಒಪ್ಪುವುದಿಲ್ಲ. ಮಗುವಿಗೆ ಸ್ಪಷ್ಟವಾದ ಲಾಭವಿದ್ದರೆ ಮಾತ್ರ ವಸೀಗೆ ಅದು ಆಗಬಹುದೆಂದು ಇಮಾಮ್ ಅಬೂ ಹನೀಫರ ಅಭಿಪ್ರಾಯ.

ಮೂರನೆಯದಾಗಿ, ಸ್ಥಿರಾಸ್ತಿಯನ್ನು ಮಾರುವ ವಿಷಯ. ನಮ್ಮಲ್ಲಿ ಅತ್ಯಂತ ಹೆಚ್ಚು ತಪ್ಪು ನಡೆಯುವುದು ಇಲ್ಲಿಯೇ. ಮಗುವಿನ ಜೀವನಾಂಶಕ್ಕೆ ಬೇರೆ ದಾರಿಯಿಲ್ಲದಿರುವುದು, ಮೃತನ ಸಾಲ ತೀರಿಸಬೇಕಾಗಿರುವುದು, ಕಟ್ಟಡ ಬೀಳುವ ಸ್ಥಿತಿಯಲ್ಲಿರುವುದು, ಆದಾಯಕ್ಕಿಂತ ಖರ್ಚೇ ಹೆಚ್ಚಾಗುವುದು, ಎರಡು ಪಟ್ಟು ಬೆಲೆ ಸಿಗುವುದು ಮುಂತಾದ ಕಾರಣಗಳಿಗೆ ಮಾತ್ರ ವಸೀಯು ಮಗುವಿನ ಜಮೀನನ್ನು ಮಾರಬಹುದೆಂದು ಹನಫೀ ಫಿಕ್ಹ್ ಹೇಳುತ್ತದೆ. ನ್ಯಾಯಾಲಯ ನೇಮಿಸಿದ ಪೋಷಕನಾದರೆ, ಆತನು ನ್ಯಾಯಾಲಯದ ಪೂರ್ವಾನುಮತಿಯಿಲ್ಲದೆ ಮಗುವಿನ ಸ್ಥಿರಾಸ್ತಿಯನ್ನು ಮಾರುವಂತಿಲ್ಲ, ಅಡವಿಡುವಂತಿಲ್ಲ, ದಾನ ಅಥವಾ ವಿನಿಮಯ ಮಾಡುವಂತಿಲ್ಲ, ಐದು ವರ್ಷಕ್ಕಿಂತ ಹೆಚ್ಚಿನ ಅವಧಿಗೆ ಗೇಣಿಗೆ ಕೊಡುವಂತಿಲ್ಲ. ಅನಿವಾರ್ಯತೆ ಅಥವಾ ಮಗುವಿಗೆ ಸ್ಪಷ್ಟವಾದ ಲಾಭವಿದ್ದರೆ ಮಾತ್ರ ನ್ಯಾಯಾಲಯ ಅನುಮತಿ ಕೊಡುತ್ತದೆ.

ಇನ್ನು ಯಾವ ನೇಮಕವೂ ಇಲ್ಲದೆ ಕೇವಲ ಸಂಬಂಧದ ಬಲದಿಂದ ನೋಡಿಕೊಳ್ಳುವವರ ವಿಷಯವೇನು? ಅವರು ಮಗುವಿನ ಊಟ, ಬಟ್ಟೆ, ಶುಶ್ರೂಷೆಯಂತಹ ತುರ್ತು ಅಗತ್ಯಗಳಿಗೆ ಚರ ಸೊತ್ತನ್ನು ಬಳಸಬಹುದು. ಸ್ಥಿರಾಸ್ತಿಯನ್ನು ಮಾರುವ ಅಧಿಕಾರ ಅವರಿಗಿಲ್ಲ. ತಾಯಿಯೊಬ್ಬಳು ತನ್ನ ಚಿಕ್ಕ ಮಕ್ಕಳ ಪಾಲನ್ನು ಮಾರಿದ ಇಮಾಂಬಂದಿ ಮೊಕದ್ದಮೆಯಲ್ಲಿ 1918ರಲ್ಲಿ ಪ್ರಿವಿ ಕೌನ್ಸಿಲ್ ಇದನ್ನು ತೀರ್ಮಾನಿಸಿತು. ಆ ತೀರ್ಪನ್ನು ನೀಡಿದವರು ಸಯ್ಯಿದ್ ಅಮೀರ್ ಅಲಿ. 1952ರಲ್ಲಿ ಸುಪ್ರೀಂ ಕೋರ್ಟ್, ಅಣ್ಣನು ಚಿಕ್ಕ ತಮ್ಮನ ಪರವಾಗಿ ಸಹಿ ಹಾಕಿದ ಕುಟುಂಬದ ಒಪ್ಪಂದವನ್ನು ಅಸಿಂಧುವೆಂದು ಘೋಷಿಸಿತು. 1996ರಲ್ಲೂ ತಾಯಿ ಮಾಡಿದ ಮಾರಾಟದ ಕುರಿತು ಅದೇ ನಿಲುವನ್ನು ತಾಳಿತು. ಆದುದರಿಂದ “ನಾನು ಮಕ್ಕಳ ಚಿಕ್ಕಪ್ಪ, ಅವರ ಪರವಾಗಿ ಸಹಿ ಹಾಕುತ್ತೇನೆ” ಎಂಬ ಮಾತನ್ನು ನಂಬಿ ಜಾಗ ಖರೀದಿಸುವವರೂ ಎಚ್ಚರವಾಗಿರಬೇಕು. ದಸ್ತಾವೇಜು ನೋಂದಣಿಯಾಯಿತೆಂದ ಮಾತ್ರಕ್ಕೆ ಯತೀಮನ ಹಕ್ಕು ಅಳಿಯುವುದಿಲ್ಲ.

ಹೆಣ್ಣುಮಗುವಿನ ಪಾಲು

ಯತೀಮ್ ಹೆಣ್ಣುಮಕ್ಕಳ ಕುರಿತು ಕುರ್‌ಆನ್ ಪ್ರತ್ಯೇಕವಾಗಿ ಎಚ್ಚರಿಸಿದೆ. ಸೂರಃ ಅನ್ನಿಸಾದ 3ನೇ ವಚನದ ಕುರಿತು ತಮ್ಮ ಸೋದರಿಯ ಮಗ ಉರ್ವ ಕೇಳಿದಾಗ ಹ. ಆಯಿಶಾ(ರ) ಅದರ ಹಿನ್ನೆಲೆಯನ್ನು ವಿವರಿಸಿದರು. ಪೋಷಕನು ತನ್ನ ಆಶ್ರಯದಲ್ಲಿರುವ ಹುಡುಗಿಯ ಸೊತ್ತಿಗೂ ರೂಪಕ್ಕೂ ಆಸೆಪಟ್ಟು, ನ್ಯಾಯವಾದ ಮಹ್ರ್ ಕೊಡದೆ ಆಕೆಯನ್ನು ಮದುವೆಯಾಗಲು ಬಯಸುತ್ತಿದ್ದ. ಅದನ್ನು ಆ ವಚನ ತಡೆಯಿತು.

ಇಂದು ಅನ್ಯಾಯದ ರೂಪ ಬದಲಾಗಿದೆ. “ಅವಳ ಮದುವೆ ಮಾಡಿಕೊಟ್ಟೆವಲ್ಲ, ಅವಳ ಪಾಲು ಅದರಲ್ಲೇ ಮುಗಿಯಿತು” ಎಂಬ ಮಾತನ್ನು ನೀವೂ ಕೇಳಿರಬಹುದು. ಊರಿಗೆಲ್ಲ ಬಿರಿಯಾನಿ ಹಂಚಿದ್ದು ಚಿಕ್ಕಪ್ಪನ ಪ್ರತಿಷ್ಠೆಗಾಗಿ, ಲೆಕ್ಕ ಬಿದ್ದದ್ದು ಯತೀಮಳ ಪಾಲಿನ ಮೇಲೆ! ವರನಿಗೆ ಕೊಡುವ ವರದಕ್ಷಿಣೆಯಂತೂ ಶರೀಅತ್‌ನಲ್ಲಿ ಇಲ್ಲದ್ದು, 1961ರ ಕಾಯಿದೆಯಂತೆ ಅಪರಾಧ. ಅದನ್ನು ಯತೀಮಳ ಸೊತ್ತಿನಿಂದ ಕೊಟ್ಟರೆ ತಪ್ಪಿನ ಮೇಲೆ ತಪ್ಪು. ಆಕೆಯ ಪಾಲು ಎಷ್ಟೆಂದು ಆಕೆಗೆ ತಿಳಿಸಿರಿ. ಆಕೆ ಪ್ರಾಯಕ್ಕೆ ಬಂದ ಬಳಿಕ ಖರ್ಚು ಮಾಡುವುದು, ಮಾಡದಿರುವುದು ಆಕೆಯ ಇಷ್ಟ.

ಪರೀಕ್ಷೆ ಮತ್ತು ಒಪ್ಪಿಸುವಿಕೆ

ಅಮಾನತ್ ಪೂರ್ಣವಾಗುವುದು ಹಿಂದಿರುಗಿಸಿದಾಗಲೇ. ಸೂರಃ ಅನ್ನಿಸಾದ 6ನೇ ವಚನ ಇದಕ್ಕೆ ಮೂರು ಹಂತಗಳನ್ನು ಹೇಳಿದೆ. ಮೊದಲು ಯತೀಮರನ್ನು ಪರೀಕ್ಷಿಸುತ್ತಾ ಇರಬೇಕು. ಅವರು ಪ್ರಾಯಕ್ಕೆ ಬಂದು ಅವರಲ್ಲಿ ವಿವೇಕ ಕಂಡುಬಂದರೆ ಸೊತ್ತನ್ನು ಒಪ್ಪಿಸಬೇಕು. ಒಪ್ಪಿಸುವಾಗ ಸಾಕ್ಷಿಗಳನ್ನು ನಿಲ್ಲಿಸಬೇಕು. ಅವರು ದೊಡ್ಡವರಾಗಿ ಕೇಳುವರೆಂದು ಹೆದರಿ ಅವಸರದಿಂದ ತಿಂದು ಮುಗಿಸಬಾರದೆಂದೂ ಅದೇ ವಚನದಲ್ಲಿದೆ.

ಪರೀಕ್ಷೆಯೆಂದರೆ ಒಂದು ದಿನದ ಪ್ರಶ್ನೋತ್ತರವಲ್ಲ. ಹದಿನಾಲ್ಕು, ಹದಿನೈದರ ಹುಡುಗನನ್ನು ರಜಾದಿನಗಳಲ್ಲಿ ಅಂಗಡಿಯಲ್ಲಿ ಕೂರಿಸಿರಿ. ಸಣ್ಣ ಮೊತ್ತ ಕೊಟ್ಟು ಸರಕು ತರಿಸಿರಿ. ಲೆಕ್ಕ ಬರೆಯಲು ಕಲಿಸಿರಿ. ಹುಡುಗಿಗೆ ಆಕೆಯ ಬಾಡಿಗೆ, ಆಕೆಯ ಚಿನ್ನ ಎಷ್ಟೆಂದು ತೋರಿಸಿರಿ. ಸೊತ್ತಿನ ಕುರಿತು ಏನೂ ತಿಳಿಯದಂತೆ ಬೆಳೆಸಿ, ಕೊನೆಗೆ “ಇವನಿಗೆ ಬುದ್ಧಿಯಿಲ್ಲ, ಹೇಗೆ ಕೊಡುವುದು?” ಎನ್ನುವುದು ನ್ಯಾಯವಲ್ಲ. ವಿವೇಕ ಬಾರದಿದ್ದರೂ 25 ವರ್ಷ ತುಂಬಿದಾಗ ಸೊತ್ತನ್ನು ಕೊಟ್ಟುಬಿಡಬೇಕೆಂದು ಇಮಾಮ್ ಅಬೂ ಹನೀಫ ಹೇಳಿದ್ದಾರೆ. ವಿವೇಕ ಬರುವ ತನಕ ಕೊಡಬಾರದೆಂದು ಅವರ ಶಿಷ್ಯರಿಬ್ಬರ ಮತ್ತು ಇತರ ಇಮಾಮರ ಅಭಿಪ್ರಾಯ. ನಮ್ಮ ದೇಶದ ಕಾನೂನಿನಂತೆ ಸೊತ್ತಿನ ವಿಷಯದಲ್ಲಿ 18 ವರ್ಷ ತುಂಬಿದವರು ಪ್ರಾಪ್ತ ವಯಸ್ಕರು. ನ್ಯಾಯಾಲಯವು ಪೋಷಕನನ್ನು ನೇಮಿಸಿದ್ದರೆ ಹಿಂದೆ 21 ವರ್ಷವೆಂದಿತ್ತು. 1999ರ ತಿದ್ದುಪಡಿಯ ಬಳಿಕ ಎಲ್ಲರಿಗೂ 18. ಆ ದಿನ ಪೋಷಕನ ಅಧಿಕಾರ ಮುಗಿಯುತ್ತದೆ. ಸೊತ್ತು ಮತ್ತು ಲೆಕ್ಕ ಎರಡನ್ನೂ ಒಪ್ಪಿಸಬೇಕಾಗುತ್ತದೆ.

ಒಪ್ಪಿಸುವ ದಿನ ಮೊದಲ ದಿನದ ಪಟ್ಟಿಯನ್ನು ಮುಂದಿಡಿರಿ. ಬಂದದ್ದೆಷ್ಟು, ಹೋದದ್ದೆಷ್ಟು, ಉಳಿದದ್ದೆಷ್ಟು ಎಂದು ಓದಿ ಹೇಳಿರಿ. ಸಾಕ್ಷಿಗಳ ಸಹಿ ಪಡೆಯಿರಿ. ಇದರಿಂದ ಪೋಷಕನಿಗೂ ರಕ್ಷಣೆಯಿದೆ. ಹದಿನೈದು ವರ್ಷ ಪ್ರಾಮಾಣಿಕವಾಗಿ ದುಡಿದ ಎಷ್ಟೋ ಚಿಕ್ಕಪ್ಪಂದಿರು ಒಂದು ಚೀಟಿಯೂ ಇಲ್ಲದ ಕಾರಣ ಕೊನೆಗೆ ಕಳ್ಳರೆನಿಸಿಕೊಂಡಿದ್ದಾರೆ. ರಕ್ತಸಂಬಂಧವನ್ನು ಉಳಿಸುವುದು ಲೆಕ್ಕ, ಅದನ್ನು ಮುರಿಯುವುದು ಲೆಕ್ಕವಿಲ್ಲದಿರುವಿಕೆ.

ಶಕ್ತಿಯಿಲ್ಲದವರು ಒಪ್ಪಿಕೊಳ್ಳದಿರಲಿ

ಹ. ಅಬೂದರ್ರ್(ರ) ಅವರ ಸತ್ಯಸಂಧತೆಯಲ್ಲಿ ಯಾರಿಗೂ ಸಂಶಯವಿರಲಿಲ್ಲ. ಆದರೂ ಪ್ರವಾದಿವರ್ಯರು(ಸ) ಅವರನ್ನು ಈ ವಿಷಯದಲ್ಲಿ ದುರ್ಬಲರೆಂದು ಕಂಡು, ಇಬ್ಬರ ಮೇಲೂ ನಾಯಕನಾಗಬೇಡ, ಯತೀಮನ ಸೊತ್ತಿನ ಹೊಣೆಯನ್ನೂ ಹೊರಬೇಡ ಎಂದು ಪ್ರೀತಿಯಿಂದ ಉಪದೇಶಿಸಿದರು. ಇದು ಮುಸ್ಲಿಮ್ ಗ್ರಂಥದಲ್ಲಿದೆ. ಒಳ್ಳೆಯವನಾಗಿರುವುದು ಒಂದು, ಸೊತ್ತು ನಿರ್ವಹಿಸುವ ಶಕ್ತಿಯಿರುವುದು ಇನ್ನೊಂದು. ಶಕ್ತಿಯಿಲ್ಲದವನು “ನನ್ನಿಂದಾಗದು” ಎನ್ನುವುದೂ ತಕ್ವಾ. ಆದರೆ ಎಲ್ಲರೂ ಹಾಗೆಂದು ಕೈತೊಳೆದುಕೊಂಡರೆ ಮಗು ಬೀದಿಗೆ ಬೀಳುತ್ತದೆ. ಆದುದರಿಂದ ಒಬ್ಬನಿಗೆ ಭಾರವಾದದ್ದನ್ನು ಇಬ್ಬರು ಹೊರಲಿ. ಒಬ್ಬರು ವ್ಯಾಪಾರ ನೋಡಿದರೆ ಇನ್ನೊಬ್ಬರು ಲೆಕ್ಕ ಬರೆಯಲಿ. ಮಹಲ್ಲಾದ ಜಮಾಅತ್‌ನ ಹಿರಿಯರು ವರ್ಷಕ್ಕೊಮ್ಮೆಯಾದರೂ ಯತೀಮರ ಮನೆಗೆ ಹೋಗಿ ಲೆಕ್ಕದ ಪುಸ್ತಕವನ್ನು ಕೇಳಿ ನೋಡಲಿ. ಕೇಳುವುದು ಅವಮಾನ ಮಾಡಿದಂತಲ್ಲ, ಸಹಾಯ ಮಾಡಿದಂತೆ.

ನಿಮ್ಮ ಆಶ್ರಯದಲ್ಲಿ ಯತೀಮರಿದ್ದರೆ ಸೂರಃ ಅನ್ನಿಸಾದ 9ನೇ ವಚನವನ್ನು ಇಂದು ತೆರೆದು ಓದಿರಿ. ತಾವೇ ಎಳೆಯ, ದುರ್ಬಲ ಮಕ್ಕಳನ್ನು ಹಿಂದೆ ಬಿಟ್ಟು ಹೋಗುವುದಾಗಿದ್ದರೆ ಅವರ ಬಗ್ಗೆ ಎಷ್ಟು ಆತಂಕಪಡುತ್ತಿದ್ದರೋ, ಅದನ್ನು ನೆನೆದು ಜನರು ಅಲ್ಲಾಹನನ್ನು ಭಯಪಡಲಿ ಎಂದು ಅದು ಹೇಳುತ್ತದೆ. ಸೂರಃ ಅಲ್ ಕಹ್ಫ್‌ನಲ್ಲಿ ಬರುವ ಇಬ್ಬರು ಯತೀಮ್ ಬಾಲಕರ ತಂದೆ ಸಜ್ಜನನಾಗಿದ್ದ. ಅವರ ನಿಧಿಯ ಮೇಲಿದ್ದ ಗೋಡೆ ಬೀಳುವುದರಲ್ಲಿತ್ತು. ಆ ಊರಿನವರು ಅತಿಥಿಗಳಿಗೆ ಅನ್ನ ಕೊಡಲೂ ಒಪ್ಪದವರು. ಆದರೂ ಅಲ್ಲಾಹನು ತನ್ನ ಒಬ್ಬ ದಾಸನಿಂದ ಕೂಲಿಯಿಲ್ಲದೆ ಆ ಗೋಡೆಯನ್ನು ನಿಲ್ಲಿಸಿದನು. ಬಾಲಕರು ದೊಡ್ಡವರಾಗಿ ತಮ್ಮ ನಿಧಿಯನ್ನು ತಾವೇ ತೆಗೆಯಲೆಂದು! ಯತೀಮರ ಸೊತ್ತಿನ ಸುತ್ತ ಅಂಥ ಗೋಡೆ ಕಟ್ಟುವ ಅವಕಾಶ ಇಂದು ನಮ್ಮಲ್ಲಿ ಹಲವರ ಕೈಯಲ್ಲಿದೆ. ಅಲ್ಲಾಹನು ಆ ಕೈಗಳನ್ನು ಶುದ್ಧವಾಗಿರಿಸಲಿ. ಆಮೀನ್.